ರತ್ನ ಈಗ ಎಲ್ಲಿ ಕೂತು ಹಾಡಬೇಕು?

ಪಬ್ಬು, ಅಲ್ಲಿ ವಾರಕ್ಕೊಂದು ರಾತ್ರಿ ಗಿಟಾರ್ ಹಿಡಿದು ಹಾಡುವ ಹುಡುಗರು ಎಂದ ಕೂಡಲೇ ನಮ್ಮ ಮನಸ್ಸು ಬೆಂಗಳೂರಿನ ಚರ್ಚ್ ಸ್ಟ್ರೀಟಿಗೋ ಇಂದಿರಾನಗರಕ್ಕೋ ಓಡುತ್ತದೆ. ಅದು ದೊಡ್ಡ ಊರಿನ ಷೋಕಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳಿಗೂ ಅದಕ್ಕೂ ಏನು ಸಂಬಂಧ ಎನಿಸುತ್ತದೆ. ಸಂಬಂಧ ಇದೆ, ಅದೂ ಹಳೆಯದು. ಕುಡಿಯುವ ಜಾಗದಲ್ಲಿ ಕೂತು, ಜೊತೆಗಿದ್ದವರಿಗೆ ಕೇಳುವಂತೆ ಹಾಡಿದ ಕನ್ನಡದ ಗಾಯಕ ಯಾರು ಎಂದು ಕೇಳಿ ನೋಡಿ, ಮೂರು ತಲೆಮಾರಿನವರು ಒಂದೇ ಹೆಸರು ಹೇಳುತ್ತಾರೆ: ಎಂಡ್ಕುಡ್ಕ ರತ್ನ. ಅವನು ಕಾವ್ಯದೊಳಗಿನ ಪಾತ್ರ, ನಿಜ. ಆದರೆ ಅವನನ್ನು ಕಡೆದು ನಿಲ್ಲಿಸಿದ ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ, ಆ ಊರಿಗೆ ಇನ್ನೂ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ. ಹೆಂಡದಂಗಡಿಯಲ್ಲಿ ಹುಟ್ಟುವ ಹಾಡನ್ನು ಕನ್ನಡ ಸಾಹಿತ್ಯದ ನಡುಮನೆಗೆ ತಂದು ಕೂರಿಸಿದ ಕವಿಯ ಊರಿನಲ್ಲಿ ಇವತ್ತು ಹಾಡುವವನೊಬ್ಬ ಸಂಜೆ ಎಲ್ಲಿ ಕೂತು ಹಾಡಬೇಕು? ಬೆಂಗಳೂರಿನಿಂದ ಬರೀ ಐವತ್ತು ಕಿಲೋಮೀಟರ್ ದೂರದಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ಅದು ಈ ನಾಲ್ಕು ಊರುಗಳಿಗೆ ಆಗಿರುವ ದೊಡ್ಡ ನಷ್ಟ, ಮತ್ತು ಮನಸ್ಸು ಮಾಡಿದರೆ ತುಂಬಿಕೊಳ್ಳಬಹುದಾದ ನಷ್ಟ ಎಂಬುದು ಈ ಲೇಖನದ ವಾದ.

ರತ್ನನನ್ನು ನಾವು ಓದಿರುವುದಕ್ಕಿಂತ ಕೇಳಿರುವುದೇ ಹೆಚ್ಚು. 1930ರ ದಶಕದಲ್ಲಿ ರತ್ನನ ಪದಗಳು ಅಚ್ಚಾದಾಗ ಹಳೆ ಮೈಸೂರು ಸೀಮೆಯ ಕೂಲಿಕಾರರ ಆಡುಮಾತಿನಲ್ಲಿ, ಅವರ ಉಚ್ಚಾರಣೆಯಲ್ಲೇ ಕವಿತೆ ಬರೆಯಬಹುದು ಎಂಬುದೇ ಓದುಗರಿಗೆ ಹೊಸದಾಗಿತ್ತು. ಬರೆದವರು ಹೆಂಡದಂಗಡಿಯ ಗಿರಾಕಿಯಲ್ಲ. ಪಾಲಿ ಭಾಷೆ ಕಲಿತು ಬೌದ್ಧ, ಜೈನ ಸಾಹಿತ್ಯವನ್ನು ಕನ್ನಡಕ್ಕೆ ತಂದ ವಿದ್ವಾಂಸರು, ಮಕ್ಕಳಿಗೆ ಶಿಶುಗೀತೆ ಬರೆದ ಮೇಷ್ಟ್ರು, 1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅಂಥವರಿಗೆ ಹೆಂಡದಂಗಡಿ ಯಾಕೆ ಬೇಕಾಯಿತು ಎಂಬುದಕ್ಕೆ ಪದಗಳೇ ಉತ್ತರ ಕೊಡುತ್ತವೆ. ರತ್ನ ಒಬ್ಬನೇ ಗೊಣಗಿಕೊಳ್ಳುವುದಿಲ್ಲ. ಎದುರಿಗೆ ಯಾರೋ ಇದ್ದಾರೆ, ಅವರನ್ನು ಕರೆಯುತ್ತಾನೆ, ಕೆಣಕುತ್ತಾನೆ, ಹೆಂಡತಿ ಪುಟ್ನಂಜಿಯ ಮಾತು ತೆಗೆಯುತ್ತಾನೆ, ದುಡಿಮೆಯ ಸುಸ್ತು ಹೇಳುತ್ತಾನೆ. ಕೇಳುವವರಿಗೆ ಅವನ ಬದುಕು ಗೊತ್ತು, ಅವನಿಗೂ ಅವರದು ಗೊತ್ತು. ಪ್ರಸಿದ್ಧವಾದ ಒಂದು ಪದದಲ್ಲಂತೂ ಅವನು ದೇವರ ಜೊತೆಗೇ ಚೌಕಾಸಿಗೆ ಇಳಿಯುತ್ತಾನೆ. ಹೆಂಡ ಬಿಡು ಎಂದರೆ ಬಿಡಲು ಸಿದ್ಧ, ಹೆಂಡತಿಯನ್ನು ಬಿಡು ಎಂದರೂ ಸಿದ್ಧ, ಆದರೆ ಕನ್ನಡ ಪದ ಹಾಡುವುದನ್ನು ಬಿಡು ಎಂದರೆ ದೇವರ ಮೇಲೇ ತಿರುಗಿಬೀಳುತ್ತಾನೆ. ಅವನಿಗೆ ಹೆಂಡ ಹೋದರೆ ಹೋಗಲಿ, ಪದ ಉಳಿಯಬೇಕು. ಮುಂದಿನ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಆದದ್ದು ಸರಿಯಾಗಿ ಇದರ ತಿರುವುಮುರುವು. ಪದ ಹೋಯಿತು, ಕುಡಿತ ಉಳಿಯಿತು.

ಅದು ಹೇಗೆ ಆಯಿತು ಎಂದು ನೋಡೋಣ. ಈಚಲ ಮರಕ್ಕೆ ಸಂಜೆ ಗಡಿಗೆ ಕಟ್ಟಿ ಬೆಳಗ್ಗೆ ಇಳಿಸುವ ಹೆಂಡ ಬಹಳ ಹೊತ್ತು ತಡೆಯುವುದಿಲ್ಲ. ಹೊತ್ತು ಏರಿದಂತೆ ಹುಳಿಯುತ್ತದೆ. ಬಾಟಲಿಗೆ ತುಂಬಿ ಮನೆಗೊಯ್ಯುವ, ದೂರದ ಊರಿಗೆ ಕಳಿಸುವ ಮಾಲು ಅದಲ್ಲ. ಇಳಿಸಿದ ಕಡೆಯಲ್ಲೇ, ಅಂದೇ, ಕೂತು ಕುಡಿಯಬೇಕು. ಹೀಗಾಗಿ ಹೆಂಡದಂಗಡಿ ಎಂದರೆ ಸುತ್ತಲ ನಾಲ್ಕು ಹಟ್ಟಿಯವರು ಸೇರುವ ಜಾಗ, ತಾಸುಗಟ್ಟಲೆ ಕೂರುವ ಜಾಗ. ಕೂತವರ ನಡುವೆ ತಮಟೆ ಬಡಿಯುವವನೋ ತತ್ವಪದ ಹೇಳುವವನೋ ಇದ್ದರೆ ಹಾಡು ತಾನಾಗಿ ಏಳುತ್ತಿತ್ತು. ಸಾರಾಯಿ ಬಂದ ಮೇಲೆ, ಅದರಲ್ಲೂ ಪ್ಲಾಸ್ಟಿಕ್ ಪ್ಯಾಕೆಟ್ ಬಂದ ಮೇಲೆ, ಕುಡಿತದ ರೀತಿ ಬದಲಾಯಿತು. ಹಲ್ಲಿನಲ್ಲಿ ಕಚ್ಚಿ ಹರಿದು ನಿಂತಲ್ಲೇ ಗುಟುಕರಿಸಿ ಹೋಗುವವನಿಗೆ ಹಾಡಲು ಪುರುಸೊತ್ತಿಲ್ಲ. ಕಲಬೆರಕೆಯ ಕಾರಣಕ್ಕೆ ಕರಾವಳಿಯನ್ನು ಬಿಟ್ಟು ಉಳಿದೆಡೆ ಹೆಂಡ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ರಾಮನಗರದ ಶಾಸಕರೇ ಆದ ಎಚ್.ಡಿ. ಕುಮಾರಸ್ವಾಮಿ. ಎರಡು ತಿಂಗಳೊಳಗೆ, ಆಗಸ್ಟ್ 23ರಂದು, ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದವು. ಕುಡಿತ ಮಾತ್ರ ಹೋಗಲಿಲ್ಲ. ಬಾರ್ ಅಂಡ್ ರೆಸ್ಟೋರೆಂಟು, ವೈನ್ ಶಾಪು, ಎಂ.ಎಸ್.ಐ.ಎಲ್. ಮಳಿಗೆಗಳ ರೂಪದಲ್ಲಿ ಅದು ಇನ್ನೂ ಗಟ್ಟಿಯಾಗಿ ನಿಂತಿತು. ಅಬಕಾರಿಯಿಂದ ಈಗ ಸರ್ಕಾರಕ್ಕೆ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ಆದಾಯವಿದೆ. ಬಾರಿನ ಒಳಗೆ ಹೋಗಿ ನೋಡಿದರೆ ಮಂದ ದೀಪ, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಕಟ್ಟಿದ ಪಾರ್ಟಿಷನ್, ಮೂಲೆಯಲ್ಲಿ ಟಿ.ವಿ. ಕೂತಷ್ಟು ಹೊತ್ತೂ ಆರ್ಡರ್ ಮಾಡುತ್ತಿರಬೇಕು, ಇಲ್ಲವೇ ಮೇಜು ಬಿಡಬೇಕು. ಮೂರು ಜನ ಅಪರಿಚಿತರು ಒಂದೇ ಹಾಡಿಗೆ ಕಿವಿಗೊಡುವ ಅವಕಾಶವನ್ನೇ ತೆಗೆದುಹಾಕಿ ಕಟ್ಟಿದ ಕೋಣೆ ಅದು.

ನೆರೆಹೊರೆಯ ಪಬ್ಬಿನ ಸಂಗೀತದ ರಾತ್ರಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಅದರ ಬಗ್ಗೆ ನಮ್ಮಲ್ಲಿ ತಪ್ಪು ಕಲ್ಪನೆಯೇ ಜಾಸ್ತಿ. ಜಾಗ ಚಿಕ್ಕದು, ನೂರು ಜನ ಹಿಡಿದರೆ ಹೆಚ್ಚು. ವಾರದಲ್ಲಿ ಒಂದು ದಿನ ಗೊತ್ತು ಮಾಡಿರುತ್ತಾರೆ, ಆ ದಿನ ತಪ್ಪುವುದಿಲ್ಲ. ಎತ್ತರದ ವೇದಿಕೆ ಇರುವುದಿಲ್ಲ, ಹಾಡುವವನಿಗೂ ಮೊದಲ ಮೇಜಿಗೂ ನಾಲ್ಕು ಮಾರು ದೂರ. ಹೆಸರು ಮಾಡಿದ ತಂಡಕ್ಕೆ ಮಾಲೀಕ ದುಡ್ಡು ಕೊಡುತ್ತಾನೆ, ಇಲ್ಲವೇ ಬಾಗಿಲಲ್ಲಿ ಸಣ್ಣ ಟಿಕೆಟ್ ಇರುತ್ತದೆ. ಹೊಸಬರಿಗಾಗಿ ಬೇರೊಂದು ರಾತ್ರಿ, ಯಾರು ಬೇಕಾದರೂ ಹೆಸರು ಕೊಟ್ಟು ಎರಡು ಹಾಡು ಹಾಡಬಹುದು. ಇಂಥ ಕಡೆ ಕಲಿಯುವುದು ಬೇರೆಲ್ಲೂ ಕಲಿಯಲಾಗದ್ದು. ಕೇಳುಗ ಕೈಯಲ್ಲಿ ಲೋಟ ಹಿಡಿದು ಪಕ್ಕದವನ ಜೊತೆ ಮಾತಾಡುತ್ತಿರುತ್ತಾನೆ. ಅವನ ಮಾತು ನಿಲ್ಲುವಂತೆ ಹಾಡುವುದೇ ಪರೀಕ್ಷೆ. ಹಾಡು ಹಿಡಿಸದಿದ್ದರೆ ಅದು ಆ ಕ್ಷಣವೇ ಗೊತ್ತಾಗುತ್ತದೆ, ಮುಂದಿನ ವಾರ ತಿದ್ದಿಕೊಂಡು ಬರಬಹುದು. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಶುರುವಾದ ಪಬ್ಬುಗಳ ಸುತ್ತ ಬೆಳೆದ ತಂಡಗಳು ಹೀಗೆ ತಯಾರಾದವು. ಮೊದಮೊದಲು ಅಲ್ಲಿ ಕೇಳಿಸುತ್ತಿದ್ದುದು ಇಂಗ್ಲಿಷ್ ರಾಕ್. ಆದರೆ 2008ರಲ್ಲಿ ಮೊದಲ ಆಲ್ಬಂ ತಂದ ರಘು ದೀಕ್ಷಿತ್ ತಂಡ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನ ಮೇಲೆ ಕಟ್ಟಿ ಹಾಡಿತು, ಕನ್ನಡ ಬಾರದ ಹುಡುಗರೂ ಜೊತೆಗೂಡಿ ಹಾಡಿದರು. ಪಬ್ಬಿನ ಗಿರಾಕಿಗೆ ಕನ್ನಡ ಬೇಡ ಎಂಬ ನಂಬಿಕೆ ಅಲ್ಲಿಗೆ ಸುಳ್ಳಾಯಿತು.

ಆ ಲೋಕವೂ ಈಗ ಸುಖವಾಗಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ 2005ರಲ್ಲಿ ಬೆಂಗಳೂರು ನಗರಕ್ಕೆ ಒಂದು ಆದೇಶ ಬಂತು. ಸಾರ್ವಜನಿಕ ಮನರಂಜನೆಯ ಜಾಗಗಳು ಪೊಲೀಸರಿಂದ ಪ್ರತ್ಯೇಕ ಪರವಾನಗಿ ಪಡೆಯಬೇಕು ಎಂಬುದು ಅದರ ಸಾರ. ಅದು ಹುಟ್ಟಿದ್ದು ಮುಖ್ಯವಾಗಿ ಲೈವ್ ಬ್ಯಾಂಡ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ನೃತ್ಯದ ಬಾರುಗಳನ್ನು ಹತೋಟಿಗೆ ತರಲು. ಹೋಟೆಲಿನವರ ಸಂಘ ನ್ಯಾಯಾಲಯಕ್ಕೆ ಹೋಯಿತು, ಕೊನೆಗೆ 2018ರ ಜನವರಿ 25ರಂದು ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದರ ಬಿಸಿ ತಟ್ಟಿದ್ದು ನೃತ್ಯದ ಬಾರುಗಳಿಗೆ ಮಾತ್ರವಲ್ಲ, ಗಿಟಾರ್ ಹಿಡಿದು ಒಬ್ಬನೇ ಕೂತು ಹಾಡುವ ಹುಡುಗನಿಗೂ ತಟ್ಟಿತು. ಅಗ್ನಿಶಾಮಕದ ಒಪ್ಪಿಗೆ, ಕಟ್ಟಡದ ಸ್ವಾಧೀನ ಪತ್ರ ಇತ್ಯಾದಿ ಕಾಗದಗಳಿಲ್ಲದ ಎಷ್ಟೋ ಜಾಗಗಳು ಆ ವರ್ಷ ಸಂಗೀತ ನಿಲ್ಲಿಸಿದವು. ಇಂದಿರಾನಗರದಲ್ಲಿ 2013ರಿಂದ ಹೊಸ ತಂಡಗಳಿಗೆ ಆಸರೆಯಾಗಿದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಬೆಂಕಿ ಬಿದ್ದರೆ ಜನ ಹೊರಗೆ ಬರಲು ದಾರಿ ಇರಬೇಕು ಎಂಬ ನಿಯಮವನ್ನು ಯಾರೂ ಬೇಡವೆನ್ನಲಾರರು, ನ್ಯಾಯಾಲಯದ ಕಾಳಜಿ ಸರಿಯಾದದ್ದೇ. ತಪ್ಪಿರುವುದು ಅಳತೆಯಲ್ಲಿ. ಐನೂರು ಜನ ಕುಣಿಯುವ ಡಿಸ್ಕೊತೆಕ್ಕಿಗೂ ಮೂವತ್ತು ಜನ ಕೂತು ತಂಬೂರಿ ಕೇಳುವ ಕೋಣೆಗೂ ಒಂದೇ ಅಳತೆ ಹಾಕಿದರೆ ದೊಡ್ಡದು ಹೇಗೋ ಉಳಿಯುತ್ತದೆ, ಚಿಕ್ಕದು ಸಾಯುತ್ತದೆ. ಇದು ಬೆಂಗಳೂರು ನಗರದ ಆದೇಶ, ರಾಮನಗರಕ್ಕೆ ಅನ್ವಯಿಸುವುದಿಲ್ಲ. ಆದರೆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ 2025ರಲ್ಲಿ ತೀರ್ಮಾನಿಸಿದೆ. ಹೆಸರಿನ ಹಿಂದೆ ನಗರದ ರೀತಿನೀತಿಯೂ ಬರುತ್ತದೆ. ಬರುವ ಮೊದಲೇ ಯೋಚಿಸುವುದು ಒಳ್ಳೆಯದು.

ಬೇರೆ ದೇಶಗಳು ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದು, ಎಡವಿ, ತಿದ್ದಿಕೊಂಡಿವೆ. ಐರ್ಲೆಂಡಿನ ಪಬ್ಬುಗಳಲ್ಲಿ ನಾಲ್ಕಾರು ಜನ ಪಿಟೀಲು, ಕೊಳಲು ಹಿಡಿದು ಮೇಜಿನ ಸುತ್ತ ಕೂತು ನುಡಿಸುವುದನ್ನು ಪ್ರವಾಸಿಗರು ಸಾವಿರ ವರ್ಷದ ಸಂಪ್ರದಾಯ ಎಂದು ತಿಳಿಯುತ್ತಾರೆ. ಅದಕ್ಕೆ ನೂರು ವರ್ಷವೂ ಆಗಿಲ್ಲ. ಅಲ್ಲಿನ ಹಳ್ಳಿಗರು ನುಡಿಸುತ್ತಿದ್ದುದು ಅಡಿಗೆಮನೆಯಲ್ಲಿ, ದಾರಿ ಕೂಡುವ ಬಯಲಿನಲ್ಲಿ. 1935ರಲ್ಲಿ ಸಾರ್ವಜನಿಕ ನೃತ್ಯಕ್ಕೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಬಂದು, ಅದನ್ನು ಪಾದ್ರಿಗಳೂ ಪೊಲೀಸರೂ ಮನೆಯ ಕೂಟಗಳ ಮೇಲೂ ಹೇರಿದಾಗ ಆ ಸಂಗೀತ ಜಾಗ ಕಳೆದುಕೊಂಡಿತು. ಎರಡನೇ ಮಹಾಯುದ್ಧದ ನಂತರ ಲಂಡನ್ನಿಗೆ ಕಟ್ಟಡದ ಕೂಲಿಗೆ ಹೋದ ಐರಿಷರು ಕ್ಯಾಮ್‌ಡೆನ್, ಕೆಂಟಿಷ್ ಟೌನ್ ಕಡೆಯ ಪಬ್ಬುಗಳಲ್ಲಿ ಸೇರಿ ನುಡಿಸತೊಡಗಿದರು, ಬಾಡಿಗೆ ಕೋಣೆಯಲ್ಲಿ ಜಾಗವಿಲ್ಲದ್ದರಿಂದ. ಆ ರೂಢಿ ತಿರುಗಿ ಐರ್ಲೆಂಡಿಗೆ ಹೋಗಿ ದೇಶದ ಗುರುತೇ ಆಯಿತು. ಇಂಗ್ಲೆಂಡಿನದು ಇನ್ನೊಂದು ಪಾಠ. ಅಲ್ಲಿ 2003ರ ಕಾಯ್ದೆ ಚಿಕ್ಕ ಪಬ್ಬಿನ ಹಾಡಿಗೂ ಪರವಾನಗಿ ಬೇಕೆಂದಿತು, ಚಿಕ್ಕವರು ಹಿಂದೆಗೆದರು. 2012ರಲ್ಲಿ ಸಂಗೀತಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿ, ಬೆಳಗ್ಗೆ ಎಂಟರಿಂದ ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕವಿಲ್ಲದ ಸಂಗೀತಕ್ಕೆ ಪರವಾನಗಿ ಬೇಡ ಎಂದು ಸಡಿಲಿಸಿದರು. ಧ್ವನಿವರ್ಧಕ ಇದ್ದರೂ ಇನ್ನೂರು ಜನರೊಳಗಿನ ಪರವಾನಗಿ ಪಡೆದ ಜಾಗಕ್ಕೆ ರಿಯಾಯಿತಿ ಕೊಟ್ಟರು. ಮುಂದೆ ಆ ಮಿತಿಯನ್ನು ಐನೂರಕ್ಕೆ ಏರಿಸಿದರು. ಹಾಡುವ ಜಾಗ ಕಾನೂನಿನಿಂದ ಹೋಗಬಹುದು, ಕಾನೂನಿನಿಂದಲೇ ತಿರುಗಿ ಬರಬಹುದು ಎಂಬುದಕ್ಕೆ ಇವೆರಡೂ ಸಾಕ್ಷಿ.

ನಮ್ಮಲ್ಲಿ ಹಾಡಿಗೇನು ಬರ, ಊರಿಗೊಂದು ಜಾತ್ರೆ, ಗಣೇಶ, ರಾಜ್ಯೋತ್ಸವ, ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ ಎಲ್ಲಕ್ಕೂ ರಸಮಂಜರಿ ಇದ್ದೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಸಾವಿರಾರು ಜನ ಸೇರುತ್ತಾರೆ. ಆದರೆ ರಸಮಂಜರಿಯ ವೇದಿಕೆಗೆ ಹತ್ತುವವರು ಆಗಲೇ ಟಿ.ವಿ.ಯಲ್ಲಿ ಕಂಡ ಮುಖಗಳು, ಹಾಡುವುದು ಸಿನಿಮಾ ಹಾಡು, ಹಿಂದೆ ಮೊದಲೇ ಮುದ್ರಿಸಿದ ಟ್ರ್ಯಾಕು. ಊರಿನ ಹುಡುಗಿಗೆ ಅಲ್ಲಿ ಸಿಗುವುದು ಹೆಚ್ಚೆಂದರೆ ಸ್ವಾಗತ ಗೀತೆ. ಇನ್ನು ಜಾನಪದ ಲೋಕ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಪಕ್ಕ ಹೆದ್ದಾರಿಯ ಬದಿಯಲ್ಲಿ 15 ಎಕರೆಯಲ್ಲಿ ಎಬ್ಬಿಸಿದ ಆ ಸಂಸ್ಥೆ ಇಡೀ ನಾಡಿಗೆ ಹೆಮ್ಮೆ. ಲೋಕಮಹಲಿನ ವಸ್ತುಗಳು, ಧ್ವನಿಮುದ್ರಿಕೆಗಳು, ವರ್ಷಕ್ಕೊಮ್ಮೆಯ ಲೋಕೋತ್ಸವ ಇಲ್ಲದಿದ್ದರೆ ಎಷ್ಟೋ ಕಲೆ ಹೆಸರಿಲ್ಲದೆ ಹೋಗುತ್ತಿತ್ತು. ನಾಗೇಗೌಡರ ಕೆಲಸ ಉಳಿಸುವ ಕೆಲಸ, ಅದನ್ನು ಅವರು ತೃಪ್ತಿಯಾಗುವಷ್ಟು ಮಾಡಿದರು. ಬೆಳೆಸುವ ಕೆಲಸ ಬೇರೆ. ಅದಕ್ಕೆ ವರ್ಷಕ್ಕೊಂದು ಉತ್ಸವ ಸಾಲದು, ವಾರಕ್ಕೊಂದು ಸಂಜೆ ಬೇಕು. ಅದೂ ರೇಷ್ಮೆಯ ರೀಲಿಂಗ್ ಘಟಕದಲ್ಲಿ ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿ ನೂಲು ತೆಗೆದವರು, ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು ಅರಗಿನ ಬಣ್ಣ ಹಾಕಿದವರು ಕೆಲಸ ಮುಗಿಸಿ ನಡೆದು ಹೋಗಬಹುದಾದಷ್ಟು ಹತ್ತಿರ. ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಅವರಂಥ ಗಾಯಕರು ಇದೇ ಮಣ್ಣಿನಿಂದ ಬಂದು ನಾಡಿಗೆಲ್ಲ ಕೇಳಿಸಿದರು. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡ ಅಂಥವರ ನಂತರದವರು ಯಾವ ಕಟ್ಟೆಯ ಮೇಲೆ ಕೂತು ದನಿ ತಿದ್ದಿಕೊಳ್ಳುತ್ತಾರೆ ಎಂಬುದು ನನ್ನ ಚಿಂತೆ.

ಇದಕ್ಕೆಲ್ಲ ಎದುರಾಗಿ ಹೇಳಬಹುದಾದ ಮಾತುಗಳಲ್ಲಿ ಬಲವಾದದ್ದು ಒಂದಿದೆ: ಕುಡಿತಕ್ಕೆ ಸಂಗೀತದ ಅಲಂಕಾರ ಮಾಡಬೇಡಿ. ಇದನ್ನು ಹೇಳುವವರು ಬಹುಪಾಲು ಹೆಂಗಸರು, ಅವರಿಗೆ ಹೇಳುವ ಹಕ್ಕಿದೆ. ಕೂಲಿಯ ದುಡ್ಡು ಬಾರಿನಲ್ಲಿ ಕರಗಿ, ಬರಿಗೈಯಲ್ಲಿ ಬಂದ ಗಂಡನ ಏಟು ತಿಂದವರ ಮುಂದೆ ಹೆಂಡದಂಗಡಿಯ ಹಾಡಿನ ಸೊಗಸು ವರ್ಣಿಸುವುದು ಕ್ರೌರ್ಯ. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಶುರುಮಾಡಿದ ಹೋರಾಟ ಮರುವರ್ಷ ಆಂಧ್ರದಲ್ಲಿ ಸಾರಾಯಿಯನ್ನು ನಿಲ್ಲಿಸಿತು. ನಮ್ಮ 2007ರ ನಿಷೇಧದ ಹಿಂದೆಯೂ ಅಂಥದೇ ಸಂಕಟ ಇತ್ತು. ಆ ನಿಷೇಧದ ಆಶಯವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಸುತ್ತಲಿನ ಹಾಗೂ ತಮಿಳುನಾಡು ಗಡಿಯ ಊರುಗಳಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಕತ್ತಲಲ್ಲಿ, ಯಾರಿಗೂ ಕಾಣದಂತೆ ಕುಡಿಯುವುದೇ ಎಲ್ಲಕ್ಕಿಂತ ಅಪಾಯ ಎಂದು ಇದರಿಂದ ತಿಳಿಯುತ್ತದೆ. ಪರಿಚಿತರ ಕಣ್ಣೆದುರು, ಹಾಡು ಕೇಳುತ್ತ, ಒಂದು ಲೋಟ ಇಟ್ಟುಕೊಂಡು ಕೂತವನಿಗೆ ಅಂಕೆ ಇರುತ್ತದೆ ಎಂದು ನಾನು ಹೇಳಬಲ್ಲೆ, ಆದರೆ ಅದನ್ನೇ ನೆಚ್ಚಿ ವಾದ ಕಟ್ಟುವುದಿಲ್ಲ. ಅದರ ಅಗತ್ಯವೂ ಇಲ್ಲ. ಬೇಕಾದದ್ದು ಹಾಡುವ ಜಾಗ. ಅಲ್ಲಿ ಬಿಯರ್ ಸಿಕ್ಕರೂ ಆದೀತು, ಬರೀ ಕಾಫಿ, ಮಜ್ಜಿಗೆ ಸಿಕ್ಕರೂ ಆದೀತು. ದೇವರು ಕೇಳಿದರೆ ಹೆಂಡ ಬಿಡುತ್ತೇನೆಂದ ರತ್ನನ ಕಡೆಗೇ ನಾನಿರುವುದು.

ಹೆಂಗಸರ ಮಾತು ಬಂದದ್ದರಿಂದ ಹೆಂಡದಂಗಡಿಯ ಇನ್ನೊಂದು ದೋಷವನ್ನೂ ಮುಚ್ಚಿಡದೆ ಹೇಳಬೇಕು. ಅದು ಗಂಡಸರ ಜಾಗ. ಪುಟ್ನಂಜಿ ರತ್ನನ ಪದದೊಳಗೆ ಇದ್ದಾಳೆ, ಕೇಳುಗರ ಸಾಲಿನಲ್ಲಿ ಕೂರಲು ಅವಳಿಗೆ ಜಾಗ ಇರಲಿಲ್ಲ. ಹಾಗೆಂದು ಹೆಂಗಸರು ಹಾಡದೆ ಇದ್ದವರಲ್ಲ. ಬೆಳಗಿನ ಜಾವ ರಾಗಿ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ, ಮದುವೆಯ ಹಸೆಯ ಮುಂದೆ ಅವರು ಹಾಡಿದ್ದು ಗಂಡಸರು ಹಾಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ಜಾಗಗಳನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ಹಿಟ್ಟಿನ ಗಿರಣಿ ಬಂತು, ಬೀಸುವ ಪದ ಮನೆಯಿಂದ ಹೋಯಿತು. ಕಲ್ಯಾಣ ಮಂಟಪ ಬಂತು, ಸೋಬಾನೆಯವರ ದನಿಯನ್ನು ಸೌಂಡ್ ಸಿಸ್ಟಮ್ಮು ನುಂಗಿತು. ಗಿರಣಿ ಬಂದದ್ದು ಒಳ್ಳೆಯದೇ, ರಾಗಿ ಬೀಸಿ ಬೀಸಿ ರಟ್ಟೆ ಸೋತವರಿಗೆ ಅದು ಬಿಡುಗಡೆ. ಆದರೆ ಕೆಲಸದ ಜೊತೆಗೇ ಹಾಡೂ ಯಾಕೆ ಹೋಯಿತು? ಹಾಡು ಮನಸ್ಸಿನಲ್ಲಿದ್ದರೆ ಸಾಲದು, ಅದಕ್ಕೆ ಹೊತ್ತು, ಜಾಗ, ಪಕ್ಕದಲ್ಲಿ ದನಿಗೂಡಿಸುವವರು ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ತೋರುವುದಿಲ್ಲ. ಆದ್ದರಿಂದ ಹೊಸದಾಗಿ ಕಟ್ಟುವ ಜಾಗ ಹಳೆಯ ಹೆಂಡದಂಗಡಿಯ ನಕಲಾಗಬಾರದು. ಸಂಜೆ ಏಳಕ್ಕೆ ಕಾಲೇಜು ಹುಡುಗಿಯೊಬ್ಬಳು, ಅವಳ ಅಮ್ಮ, ಅಜ್ಜಿ ಒಟ್ಟಿಗೆ ಬಂದು ಕೂರಲಾಗದ ಜಾಗ ಎಷ್ಟು ಚೆಂದವಿದ್ದರೂ ಅದು ಊರಿನದಲ್ಲ.

ಗಲಾಟೆಯ ಭಯ ಇನ್ನೊಂದು. ಹಾಡಿನ ಹೆಸರಿನಲ್ಲಿ ಓಣಿಯವರ ನಿದ್ದೆ ಕೆಡಿಸುತ್ತಾರೆ ಎಂಬ ದೂರು ನ್ಯಾಯವಾದದ್ದು. ಇದಕ್ಕೆ ಕಾನೂನು ಈಗಾಗಲೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಈ ನಿಯಮವನ್ನು ಮುರಿಯುತ್ತಿರುವುದು ನಾಲ್ಕು ಗೋಡೆಯೊಳಗೆ ಏಕತಾರಿ ಮೀಟುವವನಲ್ಲ, ಟ್ರ್ಯಾಕ್ಟರಿನ ಮೇಲೆ ಡಿ.ಜೆ. ಪೆಟ್ಟಿಗೆ ಹೇರುವ ಮೆರವಣಿಗೆಗಳು. ಮೈಕ್ ಇಲ್ಲದೆ, ಹತ್ತು ಗಂಟೆಗೆ ಮುಗಿಸುವ ಹಾಡು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಭಕ್ತಿಯ ಹಾಡನ್ನು ಲೋಟದ ಮುಂದೆ ಹಾಡುವುದೇ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಂಸಾಳೆಯವರು ದೀಕ್ಷೆ ಪಡೆದು ಹಾಡುವವರು. ಶಿವರಾತ್ರಿಯ ಮುಂಚೆ ಕನಕಪುರದ ದಾರಿಯಲ್ಲಿ ಸಂಗಮ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆಯುವವರ ಬಾಯಲ್ಲಿ ಆ ಪದಕ್ಕೆ ಇರುವ ಬೆಲೆಯನ್ನು ಬಾರಿನ ಮೇಜು ಕೊಡಲಾರದು. ಅದು ಅಲ್ಲೇ ಇರಲಿ. ರತ್ನನ ಪದ, ಲಾವಣಿ, ಶರೀಫರ ಪದ, ಉರುಸಿನಾಚೆಗೂ ಹಾಡಬಹುದಾದ ಕವ್ವಾಲಿ, ಮೊನ್ನೆ ತಾನೇ ಯಾರೋ ಬರೆದ ಹೊಸ ಹಾಡು, ಇಷ್ಟಿದ್ದರೆ ವರ್ಷದ ಐವತ್ತೆರಡು ವಾರಕ್ಕೂ ಸಾಕಾಗಿ ಮಿಗುತ್ತದೆ. ಫೋನಿನಲ್ಲೇ ಎಲ್ಲ ಸಿಗುತ್ತದಲ್ಲ ಎಂಬ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ಫೋನು ಹಾಡನ್ನು ಕೇಳಿಸುತ್ತದೆ, ತಾಳ ತಪ್ಪಿದಾಗ ಹುಬ್ಬು ಗಂಟಿಕ್ಕುವುದಿಲ್ಲ.

ರತ್ನನ ಪದಗಳ ಮುಂದಿನ ಕಥೆಯೇ ಇಲ್ಲಿ ದಾರಿ ತೋರಿಸುತ್ತದೆ. ಪಿ. ಕಾಳಿಂಗರಾಯರು ಆ ಪದಗಳನ್ನು ಸಭೆಗಳಲ್ಲಿ ಹಾಡಿದರು. ಮೈಸೂರು ಅನಂತಸ್ವಾಮಿಯವರು ಹಾರ್ಮೋನಿಯಂ ಮುಂದೆ ಕೂತು ಅವಕ್ಕೆ ಕೊಟ್ಟ ಧಾಟಿ ಇವತ್ತಿಗೂ ಮನೆಮನೆಯಲ್ಲಿದೆ. ಕುಡಿಯದ ಕವಿ ಬರೆದದ್ದನ್ನು ಸಾವಿರಾರು ಕುಡಿಯದ ಜನ ಕೂತು ಕೇಳಿದರು. ಹೆಂಡದಿಂದ ಬೇರೆಯಾಗಿಯೂ ಪದ ಬದುಕಿತು. ಆದರೆ ಆ ದಾರಿಯಲ್ಲಿ ಒಂದು ಮಾತ್ರ ಕಳೆಯಿತು. ಕೇಳುಗ ಕುರ್ಚಿಯಲ್ಲಿ ಕೂತ ಪ್ರೇಕ್ಷಕನಾದ, ಪಕ್ಕದಲ್ಲಿ ಕೂತ ಗೆಳೆಯನಾಗಿ ಉಳಿಯಲಿಲ್ಲ. ಸಭಾಂಗಣದಲ್ಲಿ ಎರಡನೇ ಹಾಡು ತಾನು ಹಾಡುತ್ತೇನೆ ಎಂದು ಎದ್ದು ನಿಲ್ಲಲಾಗುವುದಿಲ್ಲ. ಎದ್ದು ನಿಲ್ಲುವ ಆ ಸಲಿಗೆಯನ್ನು ತಿರುಗಿ ತರಬೇಕಾದರೆ ಖರ್ಚು ತೀರಾ ಕಡಿಮೆ. ಐವತ್ತು, ನೂರು ಜನರೊಳಗಿನ, ಧ್ವನಿವರ್ಧಕವಿಲ್ಲದ, ರಾತ್ರಿ ಹತ್ತಕ್ಕೆ ಮುಗಿಯುವ ಸಂಗೀತಕ್ಕೆ ಪ್ರತ್ಯೇಕ ಪರವಾನಗಿ ಬೇಡ ಎಂದು ಸರ್ಕಾರ ಒಂದು ಸಾಲು ಬರೆದು ಹೊರಡಿಸಬಹುದು, ಬೆಂಗಳೂರನ್ನೂ ಸೇರಿಸಿ. ಬಾರಿನ ಮಾಲೀಕರು ವಾರಕ್ಕೊಂದು ಸಂಜೆ ಟಿ.ವಿ. ಆರಿಸಿ, ಒಂದು ಪಾರ್ಟಿಷನ್ ತೆಗೆದು, ಹಾಡುವವನಿಗೆ ಊಟ ಮತ್ತು ಮರ್ಯಾದೆಯ ಸಂಭಾವನೆ ಕೊಡಬಹುದು. ಕುಡಿತದ ಜಾಗ ಬೇಡ ಎನ್ನುವವರಿಗೆ ನಾಲ್ಕೂ ಊರುಗಳಲ್ಲಿ ಸಂಜೆ ಬೀಗ ಹಾಕಿರುವ ಶಾಲೆ, ಸಮುದಾಯ ಭವನ, ರಾಮಮಂದಿರದ ಜಗಲಿ ಎಷ್ಟು ಬೇಕಾದರೂ ಇವೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ಕಾರುಗಳು ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದಲೇ ಹಾದು ಹೋಗುತ್ತಿವೆ. ಹಳೆ ರಸ್ತೆಯ ಬದಿಯ ಹೋಟೆಲುಗಳಿಗೆ ಸಂಜೆ ಮೇಜು ಖಾಲಿ. ಅವರಿಗೂ ಇದೊಂದು ದಾರಿ.

ಈ ನಾಲ್ಕು ಊರುಗಳಲ್ಲಿ ಯಾವುದಾದರೂ ಒಂದರಲ್ಲಿ ನೀವಿದ್ದರೆ, ನಿಮ್ಮ ಬೀದಿಯಲ್ಲಿ ಹಾಡಬಲ್ಲವರು ಒಬ್ಬರಾದರೂ ಇರುತ್ತಾರೆ. ಬರುವ ಶನಿವಾರ ಸಂಜೆ ಏಳಕ್ಕೆ ಒಂದು ಜಮಖಾನ ಹಾಸಿ ಅವರನ್ನು ಕರೆಯಿರಿ. ಮುಂದಿನ ಶನಿವಾರವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕರೆಯಿರಿ.